ಎರಡು ದಿನದ ಮಳೆ

ಹೋದ ತಿಂಗಳು ಯಲಹಂಕದಿಂದ ಬರುತ್ತಿದ್ದ ನನ್ನ ಬಸ್ಸು ಹೆಬ್ಬಾಳದ ಮೇಲ್ಸೇತುವೆಗೆ ಸ್ವಲ್ಪ ಮೊದಲು ಮುಕ್ಕಾಲು ಗಂಟೆ ನಿಂತುಬಿಟ್ಟಿತು. ಕೆರೆಯಿಂದ ಕಿತ್ತ ಅಂತರಗಂಗೆ ಕಳೆಯನ್ನು ದಂಡೆಯುದ್ದಕ್ಕೂ ರಾಶಿ ಹಾಕಿದ್ದರು. ಮಳೆಯಲ್ಲಿ ನೆಂದು ಬಿಸಿಲಿಗೆ ಬೆಂದು ಕೊಳೆಯುವಾಗ ಅದಕ್ಕೊಂದು ವಾಸನೆ ಬರುತ್ತದೆ, ಸ್ವಲ್ಪ ಹುಳಿ, ಸ್ವಲ್ಪ ಸಿಹಿ. ಪಕ್ಕದಲ್ಲಿದ್ದ ಹೆಂಗಸು ಮೂಗಿಗೆ ಸೆರಗು ಹಿಡಿದು, "ಕಿಟಕಿ ಹಾಕ್ರೀ" ಅಂದರು. ನಾನು ಹಾಕಲಿಲ್ಲ. ಆ ವಾಸನೆ ಮೂಗಿಗೆ ಬಡಿದರೆ ನನಗೆ ಒಂದು ಇಡೀ ವರ್ಷ ನೆನಪಾಗುತ್ತದೆ. ನನ್ನ ಜೀವನದಲ್ಲಿ ಅಷ್ಟು ಒಂಟಿಯಾಗಿ ನಾನು ಬೇರೆ ಯಾವ ವರ್ಷವೂ ಇರಲಿಲ್ಲ. ಯಲಹಂಕದ ಹತ್ತಿರ ಸಿಂಗಾಪುರ ಎಂಬ ಹಳ್ಳಿಯ ಚಿಕ್ಕತಾಯಮ್ಮ ಸಿಕ್ಕಿದ್ದೂ ಅದೇ ವರ್ಷ.

ಅದು ಅಮ್ಮ ಹೋದ ವರ್ಷ. ಪಾರ್ಶ್ವವಾಯು ಹೊಡೆದು ಹಾಸಿಗೆ ಹಿಡಿದ ಅಮ್ಮನನ್ನು ಹನ್ನೊಂದು ವರ್ಷ ನೋಡಿಕೊಂಡಿದ್ದೆ. ಊಟ, ಸ್ನಾನ, ಮಾತ್ರೆ, ಮಗ್ಗುಲು ಬದಲಿಸುವುದು ಎಂದು ಗಂಟೆಗಂಟೆಗೂ ಕೆಲಸವಿರುತ್ತಿತ್ತು. ನನ್ನ ಮದುವೆಯ ಮಾತು ಮನೆಯಲ್ಲಿ ಯಾವಾಗ ನಿಂತುಹೋಯಿತೋ ನನಗೇ ಗೊತ್ತಾಗಲಿಲ್ಲ. ಜನವರಿಯಲ್ಲಿ ಅಮ್ಮ ತೀರಿಕೊಂಡಾಗ ನನಗೆ ನಲವತ್ತೇಳು. ಆರ್.ಟಿ. ನಗರದ ಎರಡನೇ ಮಹಡಿಯ ಬಾಡಿಗೆ ಮನೆಯಲ್ಲಿ ಆಮೇಲೂ ಬೆಳಿಗ್ಗೆ ಐದಕ್ಕೇ ಎಚ್ಚರವಾಗುತ್ತಿತ್ತು. ಎದ್ದು ಮಾಡುವುದಕ್ಕೆ ಏನೂ ಇರುತ್ತಿರಲಿಲ್ಲ. ಇನ್ನು ಅರ್ಧ ಲೀಟರು ಸಾಕು ಎಂದು ಹಾಲಿನವನಿಗೆ ಹೇಳಲು ನನಗೆ ಒಂದು ತಿಂಗಳು ಹಿಡಿಯಿತು.

ಏಪ್ರಿಲ್‌ನಲ್ಲಿ ಪರಿಚಯದವರೊಬ್ಬರ ಮೂಲಕ ಒಂದು ವರ್ಷದ ಗುತ್ತಿಗೆಯ ಕೆಲಸ ಸಿಕ್ಕಿತು. ನಗರದ ಉತ್ತರಕ್ಕೆ, ಮರಗಳ ನಡುವೆ ಇದ್ದ ಒಂದು ವಿಜ್ಞಾನ ಅಕಾಡೆಮಿಯ ಕಚೇರಿ. ದೇಶದ ದೊಡ್ಡ ದೊಡ್ಡ ವಿಜ್ಞಾನಿಗಳು ಅದರ ಸದಸ್ಯರು. ಕಟ್ಟಡಕ್ಕೆ, ಸಂಬಳಕ್ಕೆ ಸರ್ಕಾರದ ನೆರವಿತ್ತು. ಆದರೆ ಪದಕಗಳು, ಪ್ರಶಸ್ತಿಗಳು, ವಾರ್ಷಿಕ ಉಪನ್ಯಾಸಗಳು, ಸಣ್ಣ ಊರಿನ ಕಾಲೇಜು ಮೇಷ್ಟ್ರುಗಳ ಬೇಸಿಗೆ ಶಿಬಿರ, ಇವೆಲ್ಲ ನಡೆಯುತ್ತಿದ್ದದ್ದು ಜನ ಕೊಟ್ಟ ದಾನದಿಂದ. ದಾನದ ಹಣ ಹಾಗೇ ಉಳಿಯುತ್ತದೆ, ಅದರ ಬಡ್ಡಿಯಲ್ಲಿ ವರ್ಷಕ್ಕೊಬ್ಬರಿಗೆ ಪ್ರಶಸ್ತಿ ಹೋಗುತ್ತದೆ. ದಾನಿಗಳ ಜೊತೆ ಪತ್ರ ವ್ಯವಹಾರ ನನ್ನ ಪಾಲಿಗೆ ಬಂತು.

ಮೊದಲ ವಾರದಲ್ಲೇ ಒಂದು ವಿಷಯ ಅರ್ಥವಾಯಿತು. ನನ್ನ ಬೀರುವಿನಲ್ಲಿದ್ದ ಪ್ರತಿ ಕಡತದ ಹಿಂದೆಯೂ ಯಾರೋ ಒಬ್ಬರು ಸತ್ತಿದ್ದರು. ಅಪಘಾತದಲ್ಲಿ ಹೋದ ಮಗನ ಹೆಸರಿನಲ್ಲಿ ಗಣಿತದ ಪದಕ. ಹೆಂಡತಿಯ ಹೆಸರಿನಲ್ಲಿ ಸಸ್ಯಶಾಸ್ತ್ರದ ಉಪನ್ಯಾಸ. ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಕಲಿಸಿದ ಮೇಷ್ಟ್ರ ಹೆಸರಿನಲ್ಲಿ, ಅವರ ಹಳೆಯ ಶಿಷ್ಯರೆಲ್ಲ ಸೇರಿ ಇಟ್ಟ ಬಹುಮಾನ. ಕೆಲವು ದಾನಿಗಳು ಕಾರಣವಿಲ್ಲದೆ ಫೋನು ಮಾಡುತ್ತಿದ್ದರು. "ಈ ಸಲ ನಮ್ಮ ಹುಡುಗನ ಪದಕ ಯಾರಿಗ್ ಬಂತಮ್ಮಾ?" ಎಂದು ಒಬ್ಬ ಮುದುಕರು ತಿಂಗಳಿಗೆರಡು ಸಲ ಕೇಳುತ್ತಿದ್ದರು. ಪ್ರತಿ ಸಲವೂ ಅದೇ ಹೆಸರು ಹೇಳುತ್ತಿದ್ದೆ. ಅವರು ಪ್ರತಿ ಸಲವೂ ಮೊದಲ ಸಲ ಕೇಳಿದಂತೆ ಸಂತೋಷಪಡುತ್ತಿದ್ದರು. ದಿನಕ್ಕೆ ನಾನು ಆಡುತ್ತಿದ್ದ ಮಾತುಗಳಲ್ಲಿ ಮುಕ್ಕಾಲು ಪಾಲು ಇಂಥವೇ. ಸಂಜೆ ಆರರ ನಂತರ ಅದೂ ಇಲ್ಲ.

ಜೂನ್ ತಿಂಗಳ ಒಂದು ಮೋಡದ ಮಧ್ಯಾಹ್ನ ಚಿಕ್ಕತಾಯಮ್ಮ ಬಂದರು. ಎಪ್ಪತ್ತು ದಾಟಿದ, ಕಡ್ಡಿಯಂಥ ಹೆಂಗಸು. ಇಸ್ತ್ರಿ ಮಾಡಿದ ಹತ್ತಿ ಸೀರೆ, ಕೈಯಲ್ಲಿ ಒಂದು ಬಟ್ಟೆಯ ಚೀಲ. ಸಿಂಗಾಪುರದಿಂದ ಆಟೋದಲ್ಲಿ ಒಬ್ಬರೇ ಬಂದಿದ್ದರು.

"ಸೈನ್ಸಿಗೆ ದುಡ್ ಇಸ್ಕಂತಾರಂತಲ್ಲ, ಅದು ನೀನೇನವ್ವ?"

ನಾನೇ ಎಂದೆ. ಕುರ್ಚಿ ಕೊಟ್ಟೆ. ನೀರು ಕುಡಿದು ಸುಧಾರಿಸಿಕೊಂಡು ಹೇಳಿದರು. "ನಮ್ ಯಜಮಾನ್ರು ಮಳೆ ಅಳೀತಿದ್ರು. ಓದ್ ವರ್ಷ ತೀರ್ಕಂಡ್ರು. ಅವರ ಎಸರಲ್ಲಿ ಏನಾದ್ರೂ ಮಾಡ್ಬೇಕು."

ಅವರ ಗಂಡ ನಂಜುಂಡಪ್ಪ ಹೆಬ್ಬಾಳದ ಬಳಿ ಒಂದು ಕೃಷಿ ಸಂಶೋಧನಾ ಕೇಂದ್ರದ ಹವಾಮಾನ ವಿಭಾಗದಲ್ಲಿ ವೀಕ್ಷಕರಾಗಿದ್ದರಂತೆ. ಸಿಂಗಾಪುರದಿಂದ ಸೈಕಲ್ಲಿನಲ್ಲಿ ಹೋಗಿ, ದಿನಾ ಬೆಳಿಗ್ಗೆ ಅದೇ ಹೊತ್ತಿಗೆ ಮಳೆಮಾಪಕ ನೋಡುವುದು, ಥರ್ಮಾಮೀಟರು ನೋಡುವುದು, ದಾಖಲೆ ಪುಸ್ತಕದಲ್ಲಿ ಬರೆಯುವುದು. ಭಾನುವಾರವಿಲ್ಲ, ಹಬ್ಬವಿಲ್ಲ. ಮೂವತ್ತನಾಲ್ಕು ವರ್ಷ ಅದೊಂದೇ ಕೆಲಸ. ಅವರು ಬರೆದ ಅಂಕಿಗಳನ್ನು ಇಟ್ಟುಕೊಂಡು ಎಷ್ಟೋ ಜನ ಡಾಕ್ಟರೇಟ್ ಪಡೆದರು. ಇವರ ಹೆಸರು ಎಲ್ಲೂ ಬರಲಿಲ್ಲ. ಬರಬೇಕೆಂದು ಅವರು ಕೇಳಲೂ ಇಲ್ಲ.

"ಕೊನೇ ಸೈಟ್ ಒಂದೈತೆ. ಮೊದ್ಲು ದ್ರಾಕ್ಷಿ ತೋಟ ಇತ್ತಲ್ಲಿ. ಅದ್ನ ಮಾರಿ ಕೊಡ್ತೀನಿ. ಇಂಗೆ ದಿನಾ ನೋಡಿ ಬರಿಯೋರು ಬೇರೇವ್ರೂ ಇರ್ತಾರಲ್ಲ, ಅಂತೋರಿಗೆ ವರ್ಷಕ್ಕೊಬ್ರಿಗೆ ಕೊಡಿ."

ನಮ್ಮ ವಿಭಾಗದ ಮುಖ್ಯಸ್ಥರು ದಿವಾಕರ್ ಸರ್. ನಿವೃತ್ತ ಭೌತವಿಜ್ಞಾನಿ, ಒಳ್ಳೆಯವರು, ನಿಯಮ ಬಿಟ್ಟು ಒಂದು ಹೆಜ್ಜೆ ಇಡುವವರಲ್ಲ. ಅವರು ಈ ಪ್ರಸ್ತಾಪವನ್ನು ಪ್ರಶಸ್ತಿ ಸಮಿತಿಯ ಮುಂದಿಟ್ಟರು. ಅಕಾಡೆಮಿಯ ಪ್ರಶಸ್ತಿಗಳು ಹೊಸ ಸಂಶೋಧನೆಗೆ ಮಾತ್ರ, ಅಂಕಿ ಬರೆದುಕೊಳ್ಳುವುದು ಸಂಶೋಧನೆಯಲ್ಲ ಎಂದು ಸಮಿತಿ ಹೇಳಿತು. ಬೇಕಾದರೆ ನಂಜುಂಡಪ್ಪನವರ ಹೆಸರಿನಲ್ಲಿ ವರ್ಷಕ್ಕೊಮ್ಮೆ ಹವಾಮಾನ ವಿಜ್ಞಾನಿಯೊಬ್ಬರಿಂದ ಉಪನ್ಯಾಸ ಮಾಡಿಸಬಹುದು.

"ಹೋಗಿ ಒಪ್ಪಿಸ್ಕೊಂಡ್ ಬನ್ನಿ ಸುಧಾ," ಎಂದರು ದಿವಾಕರ್ ಸರ್. "ನಿಮ್ಮ ಮಾತು ಕೇಳ್ತಾರೆ ಅವರು."

ಜುಲೈನಲ್ಲಿ ಸಿಂಗಾಪುರಕ್ಕೆ ಹೋದೆ. ಸುತ್ತ ನಾಲ್ಕು ಅಂತಸ್ತಿನ ಮನೆಗಳ ನಡುವೆ ಅವರದು ಹೆಂಚಿನ ಮನೆ. ಸೋನೆ ಹಿಡಿದಿತ್ತು. ಒಳಗೆ ಕೂರಿಸಿ, ಉಪ್ಪಿಟ್ಟು ಕೊಟ್ಟು, ನಾನು ಹೇಳಿದ್ದನ್ನೆಲ್ಲ ಕೇಳಿದರು.

"ಮಾತಾಡೋರಿಗೆ ಬ್ಯಾಡ ಕಣವ್ವ," ಎಂದರು. "ನೋಡೋರಿಗೆ ಕೊಡಿ. ಮಾತಾಡೋರಿಗೆ ಕೊಡಾಕೆ ಬೇರೆ ಜನ ಅವ್ರೆ."

ಆಮೇಲೆ ತಟ್ಟೆ ಎತ್ತಿಟ್ಟು ಬಂದು, ಬಾಗಿಲ ಕಡೆಗೆ ನೋಡುತ್ತ, ಅವರು ಬೇರೊಂದು ವಿಷಯ ತೆಗೆದರು. ಅವರಿಗೊಬ್ಬಳು ಮಗಳಿದ್ದಳು, ರತ್ನ. ನಾಲ್ಕು ವರ್ಷದವಳಿದ್ದಾಗ ಜ್ವರ ಬಂದು ಆಸ್ಪತ್ರೆ ಸೇರಿಸಿದ್ದರು. ಮೂರನೇ ದಿನ ಬೆಳಿಗ್ಗೆ, ಮಗು ಕಣ್ಣು ತೇಲಿಸುತ್ತಿರುವಾಗ, ನಂಜುಂಡಪ್ಪ ಎದ್ದು ನಿಂತು, "ಮಳೆ ನೋಡ್ಕಂಡ್ ಬತ್ತೀನಿ" ಎಂದು ಹೊರಟರು. ಅವರು ವಾಪಸು ಬಂದಾಗ ಹನ್ನೊಂದು ಗಂಟೆ. ಮಗು ಒಂಬತ್ತಕ್ಕೇ ಹೋಗಿತ್ತು.

"ನಾನೊಬ್ಬಳೇ ಮಡಿಲಾಗ್ ಇಟ್ಕಂಡ್ ಕುಂತಿದ್ದೆ. ಅವತ್ತಿಂದ ಆವಯ್ಯಂಗೆ ಬೇಯ್ಸಾಕಿದೀನಿ, ಬಟ್ಟೆ ಒಗ್ದಿದೀನಿ. ಮನಸು ಬಿಚ್ಚಿ ಒಂದ್ ಮಾತಾಡಿಲ್ಲ. ನಲವತ್ ವರ್ಷ."

ಅವರೇ ಮುಂದುವರಿಸಿದರು. "ಸತ್ತಾಗ ಆ ಆಫೀಸ್ನೋರು ಬಂದಿದ್ರು. ನಂಜುಂಡಪ್ಪನ ಬುಕ್ನಾಗೆ ಒಂದ್ ದಿನಾನೂ ಖಾಲಿ ಇಲ್ಲ, ಅಂತೋರು ದೇಶದಾಗೇ ಇಲ್ಲ ಅಂದ್ರು. ಅಂಗಾರೆ ಅದು ದೊಡ್ಡದೇ ಇರ್ಬೇಕಲ್ವಾ? ಮಗಾ ಸಾಯೋವಾಗ ಬಿಟ್ಟೋಗಿ ಮಾಡೋವಷ್ಟ್ ದೊಡ್ಡದು. ಅಷ್ಟ್ ದೊಡ್ಡದಾಗಿದ್ರೆ ನೀವ್ ಅದಕ್ಕೊಂದ್ ಮೆಡಲ್ ಕೊಡ್ಬೇಕು. ಇಲ್ಲ, ಅದು ಏನೂ ಅಲ್ಲ ಅಂದ್ರೆ, ಅದ್ನಾದ್ರೂ ನಂಗೇಳಿ."

ಬಸ್ಸಿನಲ್ಲಿ ಬರುವಾಗ ಅದನ್ನೇ ಯೋಚಿಸುತ್ತಿದ್ದೆ. ನಮ್ಮ ಬೀರುವಿನ ದಾನಗಳೆಲ್ಲ ಪ್ರೀತಿಯಿಂದ ಬಂದವು ಎಂದುಕೊಂಡಿದ್ದೆ. ಇದು ಹಾಗಲ್ಲ. ಈಕೆ ತನ್ನ ಕೊನೆಯ ನೆಲವನ್ನು ಮಾರಿ ಒಂದು ಪ್ರಶ್ನೆ ಕೇಳುತ್ತಿದ್ದರು.

ಆಗಸ್ಟ್‌ನಲ್ಲಿ ಅವರ ಗಂಡನ ಅಣ್ಣನ ಮಗ ಮಂಜುನಾಥ ಕಚೇರಿಗೆ ಬಂದ. ಯಲಹಂಕದಲ್ಲಿ ಅಪಾರ್ಟ್‌ಮೆಂಟು ಕಟ್ಟಿಸುವವನು. ಕಾರಿನ ಕೀಲಿಯನ್ನು ನನ್ನ ಮೇಜಿನ ಮೇಲಿಟ್ಟು ಕೂತ.

"ಏನ್ ಮೇಡಂ, ನಮ್ ಚಿಕ್ಕಮ್ಮಂಗೆ ಏನ್ ತಲೆ ತುಂಬ್ತಿದೀರಾ? ಮಳೆ ನೋಡಿ ಬರ್ಕೊಳ್ಳೋದಕ್ಕೆ ಯಾರಾದ್ರೂ ಪ್ರಶಸ್ತಿ ಕೊಡ್ತಾರಾ? ನಾಳೆ ನಮ್ ವಾಚ್‌ಮನ್ನೂ ಕೇಳ್ತಾನೆ."

"ನಾವು ಕೇಳಿಲ್ಲ ಸರ್. ಅವರೇ ಬಂದಿದ್ದು. ಇನ್ನೂ ಏನೂ ತೀರ್ಮಾನ ಆಗಿಲ್ಲ."

ಅವನು ದನಿ ಇಳಿಸಿ, "ಆ ಸೈಟ್ ನಂಗೇನೂ ಬೇಡ ಕಣ್ರೀ," ಎಂದ. "ವಯಸ್ಸಾಗಿದೆ, ನಮ್ ಮನೆಗ್ ಬಾ ಅಂದ್ರೆ ಬರಲ್ಲ. ಇದ್ದಿದ್ದೂ ಕೊಟ್ಬಿಟ್ರೆ ನಾಳೆ ಅವ್ರಿಗೇನು? ಅದ್ನ ಯೋಚ್ನೆ ಮಾಡಿ." ಕೀಲಿ ಎತ್ತಿಕೊಂಡು ಹೋದ. ಅವನ ಮಾತಿನಲ್ಲಿ ಸುಳ್ಳಿದೆ ಎಂದು ನನಗನ್ನಿಸಲಿಲ್ಲ.

ಒಂದು ದಿನವೂ ಖಾಲಿ ಇಲ್ಲ ಎಂಬ ಮಾತನ್ನು ನಾನು ದಿವಾಕರ್ ಸರ್‌ಗೆ ಹೇಳಿದ್ದೆ. ಸೆಪ್ಟೆಂಬರ್‌ನಲ್ಲಿ ಸಮಿತಿ ತನ್ನ ಪಟ್ಟು ಸ್ವಲ್ಪ ಸಡಿಲಿಸಿತು. ಮೂವತ್ತನಾಲ್ಕು ವರ್ಷ ಒಂದು ದಿನವೂ ತಪ್ಪದ ದಾಖಲೆ ನಿಜವಾಗಿದ್ದರೆ ಅದು ಅಪರೂಪದ್ದು, ಅದಕ್ಕೆ ಪುರಾವೆ ಬೇಕು, ಆಮೇಲೆ ನೋಡೋಣ ಎಂದರು. ಮೂಲ ಪುಸ್ತಕಗಳನ್ನು ನೋಡಲು ನಾನು ಸಂಶೋಧನಾ ಕೇಂದ್ರಕ್ಕೆ ಹೊರಟೆ. ನಾನೂ ಬರುತ್ತೇನೆ ಎಂದು ಚಿಕ್ಕತಾಯಮ್ಮ ಹಟ ಹಿಡಿದರು. ಅಷ್ಟು ವರ್ಷದಲ್ಲಿ ಅವರು ಒಮ್ಮೆಯೂ ಆ ಜಾಗಕ್ಕೆ ಕಾಲಿಟ್ಟಿರಲಿಲ್ಲ.

ಬೇಲಿ ಹಾಕಿದ ಹುಲ್ಲಿನ ಚೌಕ. ಬಿಳಿ ಬಣ್ಣದ ಮರದ ಪೆಟ್ಟಿಗೆಯೊಳಗೆ ಥರ್ಮಾಮೀಟರುಗಳು. ಒಂದು ಮೂಲೆಯಲ್ಲಿ, ನೆಲದಿಂದ ಮೊಣಕಾಲೆತ್ತರಕ್ಕಿದ್ದ ಮಳೆಮಾಪಕ. ಈಗಿನ ವೀಕ್ಷಕರು ಬಸವರಾಜು, ನಿವೃತ್ತಿಗೆ ಹತ್ತಿರವಾದವರು. ಅವರು ಮೇಲಿನ ಆಲಿಕೆಯನ್ನು ತೆಗೆದು ಒಳಗಿನ ಪಾತ್ರೆ ತೋರಿಸಿದರು. ಚಿಕ್ಕತಾಯಮ್ಮ ಬಗ್ಗಿ ನೋಡಿದರು.

"ಇಷ್ಟೇನಾ?" ಎಂದರು. "ಇವಳೇನಾ ನನ್ನ ಸವತಿ?"

ಬಸವರಾಜು ನಕ್ಕರು. ಚಿಕ್ಕತಾಯಮ್ಮ ನಗಲಿಲ್ಲ.

ಒಳಗೆ ಕಬ್ಬಿಣದ ಬೀರುವಿನಲ್ಲಿ ವರ್ಷಕ್ಕೊಂದರಂತೆ ಪುಸ್ತಕಗಳಿದ್ದವು. ಚಿಕ್ಕತಾಯಮ್ಮ ಚೀಲದಿಂದ ನಾಲ್ಕು ಮಡಿಕೆಯ ಹಳೆಯ ಆಸ್ಪತ್ರೆ ಚೀಟಿ ತೆಗೆದು ನನ್ನ ಕೈಗಿಟ್ಟರು. "ಈ ತಾರೀಕು ನೋಡು."

ಬಸವರಾಜು ಆ ವರ್ಷದ ಪುಸ್ತಕ ತೆಗೆದರು. ನಂಜುಂಡಪ್ಪನವರ ಅಕ್ಷರ ಸಣ್ಣದು, ನೆಟ್ಟಗೆ ನಿಂತಂಥದು. ಬೆರಳು ಇಟ್ಟುಕೊಂಡು ಕೆಳಗಿಳಿದೆ. ಆ ದಿನದ ಮುಂದೆ ಮಳೆಯ ಅಂಕಣ ಖಾಲಿ ಇತ್ತು. ಉಷ್ಣಾಂಶವೂ ಇಲ್ಲ, ಗಾಳಿಯೂ ಇಲ್ಲ. ಬರೀ ತಾರೀಕು. ಪುಟ ತಪ್ಪಿತೇನೋ ಎಂದು ಚೀಟಿಯನ್ನು ಇನ್ನೊಮ್ಮೆ ನೋಡಿದೆ. ತಪ್ಪಿರಲಿಲ್ಲ. ಮಾರನೆಯ ದಿನದ ಸಾಲಿನಲ್ಲಿ ಮಳೆಯ ಅಂಕಿ ಇತ್ತು. ಬರೀ ಅಂಕಿಗಳಿದ್ದ ಆ ಪುಟದಲ್ಲಿ ಅದರ ಪಕ್ಕದಲ್ಲೊಂದೇ ಕನ್ನಡದ ಬರಹ: "ನಿನ್ನೆ ನೋಡಲಿಲ್ಲ. ಇದು ಎರಡು ದಿನದ ಮಳೆ."

ಓದಿ ಹೇಳಿದೆ. ಅವರಿಗೆ ಅರ್ಥವಾಗಲಿಲ್ಲ. ಮತ್ತೆ ಹೇಳಿದೆ. "ಅವತ್ತು ಅವರು ಇಲ್ಲಿಗೆ ಬಂದಿಲ್ಲ ಚಿಕ್ಕತಾಯಮ್ಮ. ಮಳೆ ನೋಡಿಲ್ಲ."

"ಬಂದಿಲ್ವಾ?"

"ಇಲ್ಲ."

"ಮತ್ ಎಲ್ಲಿಗೋದ್ರು?"

ಬಸವರಾಜು ಕನ್ನಡಕ ತೆಗೆದು ಒರೆಸತೊಡಗಿದರು. ವರ್ಷದ ಒಟ್ಟು ಮಳೆ ಸರಿಯಾಗಿಯೇ ಬರುತ್ತದೆ, ಅದಕ್ಕೇ ಈ ಒಂದು ದಿನ ಯಾರ ಕಣ್ಣಿಗೂ ಬಿದ್ದಿಲ್ಲ ಎಂದರು. ಚಿಕ್ಕತಾಯಮ್ಮ ಪುಟದ ಮೇಲೆ ಕೈಯಿಟ್ಟರು. ಅವರಿಗೆ ಓದು ಬರುತ್ತಿರಲಿಲ್ಲ. ಖಾಲಿ ಜಾಗದ ಮೇಲೆಯೇ ಕೈ ಇತ್ತೋ ಇಲ್ಲವೋ ಅವರಿಗೆ ಗೊತ್ತಾಗುವಂತಿರಲಿಲ್ಲ. ನಾನು ಅವರ ಬೆರಳನ್ನು ಸ್ವಲ್ಪ ಮೇಲಕ್ಕೆ ಸರಿಸಿದೆ.

ಹೊರಗೆ ಬಂದಮೇಲೆ ಸ್ವಲ್ಪ ಕೂರಬೇಕು ಎಂದರು. ಆಟೋದವನಿಗೆ ಕೆರೆಯ ಹತ್ತಿರ ನಿಲ್ಲಿಸಲು ಹೇಳಿದೆ. ದಂಡೆಯ ಕಲ್ಲುಬೆಂಚಿನ ಮೇಲೆ ಕೂತೆವು. ಅಂತರಗಂಗೆ ಕಿತ್ತು ಗುಡ್ಡೆ ಹಾಕಿದ್ದರು, ವಾಸನೆ ಗಾಢವಾಗಿತ್ತು. ಮೇಲ್ಸೇತುವೆಯ ಮೇಲೆ ಏರ್‌ಪೋರ್ಟಿನ ಕಡೆಗೆ ಕಾರುಗಳು ಹೋಗುತ್ತಲೇ ಇದ್ದವು.

"ನಲವತ್ ವರ್ಷ ನಾನು ಮಳೇನ ಬೈದೆ," ಎಂದರು. "ಒಂದ್ ದಿನಾನಾದ್ರೂ ಬಾಯ್ ಬಿಡ್ಬೋದಿತ್ತಲ್ಲ ಆವಯ್ಯ? ನಾನ್ ಅಲ್ಲಿಗ್ ಓಗಿರ್ಲಿಲ್ಲ ಕಣೇ ಅಂತ? ಎಲ್ಲಿಗೋಗಿದ್ರವ್ವ? ಯಾಕೋಗಿದ್ರು?"

ನಾನು ಯಾರಿಗೂ ಹೇಳಿರದ ಮಾತು ಬಾಯಿಗೆ ಬಂತು. "ನಮ್ಮಮ್ಮ ಹೋಗುವಾಗ ನಾನೂ ಪಕ್ಕದಲ್ಲಿರಲಿಲ್ಲ," ಎಂದೆ. "ಹನ್ನೊಂದು ವರ್ಷ ಒಂದು ಗಂಟೆ ಬಿಟ್ಟು ಹೋದವಳಲ್ಲ ನಾನು. ಅವತ್ತು ಬೆಳಿಗ್ಗೆ ಅವರ ಉಸಿರು ಬೇರೆ ಥರ ಆಯ್ತು. ನನಗೆ ಗೊತ್ತಾಯ್ತು. ಗೊತ್ತಾಗಿದ್ದಕ್ಕೇ ಎದ್ದು ಚಪ್ಪಲಿ ಹಾಕ್ಕೊಂಡೆ. ಔಷಧಿ ತರೋಕೆ ಹೋಗಿದ್ದೆ ಅಂತ ಎಲ್ಲರಿಗೂ ಹೇಳಿದೀನಿ. ಯಾವ ಔಷಧೀನೂ ಇರಲಿಲ್ಲ. ಬಸ್ ಸ್ಟಾಪಿನಲ್ಲಿ ಕೂತಿದ್ದೆ. ಬಸ್ಸುಗಳು ಬರ್ತಿದ್ವು, ಹೋಗ್ತಿದ್ವು. ಏಳೋಕೆ ಆಗಲಿಲ್ಲ."

ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಛೇ ಎನ್ನಬಹುದು, ಎದ್ದು ಹೋಗಬಹುದು ಎಂದು ನಾನು ಕಾದೆ.

"ವಾಪಸ್ ಬಂದಾಗ?" ಎಂದರು.

"ಮುಗಿದಿತ್ತು."

ಅವರು ತಲೆಯಾಡಿಸಿದರು. ಚೀಲದಿಂದ ಒಂದು ಸೀಬೆಹಣ್ಣು ತೆಗೆದು, ಕೈಯಲ್ಲೇ ಎರಡು ಮಾಡಿ, ಅರ್ಧ ನನಗೆ ಕೊಟ್ಟರು. ಜನವರಿಯಿಂದ ಅಲ್ಲಿಯತನಕ ಯಾರ ಜೊತೆಯಾದರೂ ಕೂತು ಒಂದು ಹಣ್ಣು ಹಂಚಿಕೊಂಡು ತಿಂದದ್ದು ನನಗೆ ನೆನಪಿಲ್ಲ.

ಏಳುವಾಗ ಅವರು ಕೇಳಿದರು. "ಒಂದ್ ದಿನಾನೂ ಖಾಲಿ ಇಲ್ಲ ಅಂತ ತಾನೇ ನಿಮ್ಮೋರು ನೋಡಾನ ಅಂದಿದ್ದು? ಈಗೇನು?"

"ಒಪ್ಪದೇ ಇರಬಹುದು," ಎಂದೆ. ಆ ಒಂದು ಸಾಲನ್ನು ಬಿಟ್ಟು ವರದಿ ಬರೆಯಬಹುದೆಂದು ನನಗೆ ಅನ್ನಿಸಿದ್ದು ನಿಜ. ಪುಸ್ತಕಗಳನ್ನು ಮತ್ತೆ ಯಾರೂ ತೆಗೆದು ನೋಡುವವರಲ್ಲ.

ಅದು ಅವರಿಗೆ ಹೇಗೆ ತಿಳಿಯಿತೋ. "ಇದ್ದಿದ್ ಇದ್ದಂಗೆ ಬರಿ," ಎಂದರು. "ಆವಯ್ಯನೇ ಬರ್ದವ್ರೆ. ನಾವ್ಯಾಕ್ ಮುಚ್ಚಾಕನ?"

ಹಾಗೆಯೇ ಬರೆದೆ. ಮಗುವಿನ ವಿಷಯ ಬರೆಯಲಿಲ್ಲ. ಆ ಖಾಲಿ ಸಾಲು, ಅದರ ಕೆಳಗಿನ ಬರಹ, ಇಷ್ಟೇ. ಸಮಿತಿ ಸೇರಿದ ದಿನ ಬೆಳಗಿನಿಂದ ಜಡಿಮಳೆ. ಒಳಗೆ ಒಂದೂವರೆ ಗಂಟೆ ಚರ್ಚೆ ನಡೆಯಿತು. ನಾನು ಹೊರಗೆ ನನ್ನ ಮೇಜಿನಲ್ಲಿ ಕೂತು ಒಂದು ಲಕೋಟೆಯ ಮೇಲೆ ಒಂದೇ ವಿಳಾಸವನ್ನು ಎರಡು ಸಲ ಬರೆದೆ. ದಿವಾಕರ್ ಸರ್ ಹೊರಗೆ ಬಂದು ನನ್ನೆದುರು ನಿಂತರು.

"ಆಯ್ತು ಸುಧಾ. ಒಪ್ಪಿದ್ರು."

"ಒಂದು ದಿನ ತಪ್ಪಿದೆಯಲ್ಲಾ ಸರ್?"

"ಅದಕ್ಕೇ ಒಪ್ಪಿದ್ದು." ಅವರ ದನಿ ಯಾವತ್ತಿನ ಹಾಗಿರಲಿಲ್ಲ. "ಮಾರನೇ ದಿನ ಪಾತ್ರೆಯಲ್ಲಿ ಇದ್ದ ನೀರನ್ನ ಎರಡು ಭಾಗ ಮಾಡಿ, ಇಷ್ಟು ನಿನ್ನೇದು, ಇಷ್ಟು ಇವತ್ತಿಂದು ಅಂತ ಬರೆದುಬಿಡಬಹುದಿತ್ತು. ಯಾರಿಗೂ ಗೊತ್ತಾಗ್ತಿರಲಿಲ್ಲ. ಅವರು ಬರೀಲಿಲ್ಲ. ನಾವು ಹುಡುಗರಿಗೆ ವರ್ಷಗಟ್ಟಲೆ ಕಲಿಸೋದು ಅಷ್ಟೇ ಅಲ್ವೇನ್ರೀ? ನೋಡದೇ ಇದ್ದಿದ್ದನ್ನ ನೋಡಿದೆ ಅನ್ನಬೇಡ ಅಂತ." ಆಮೇಲೆ, "ಅವತ್ತು ಯಾಕೆ ಬರಲಿಲ್ವಂತೆ?" ಎಂದರು.

ಗೊತ್ತಿಲ್ಲ ಸರ್ ಎಂದೆ. ಒಂದು ರೀತಿಯಲ್ಲಿ ಅದು ನಿಜವೇ ಆಗಿತ್ತು.

ಸುದ್ದಿ ಹೇಳಲು ಸಿಂಗಾಪುರಕ್ಕೆ ಹೋದಾಗ ಚಿಕ್ಕತಾಯಮ್ಮನ ಮನೆಯ ಗೋಡೆಯ ಮೇಲೆ ಗಂಡನ ಫೋಟೋ ಬಂದಿತ್ತು. ಹಿಂದಿನ ಸಲ ಅದು ಇರಲಿಲ್ಲ. ಸೈಟು ಮಾರುವ ಕಾಗದಪತ್ರದ ಕೆಲಸವನ್ನೆಲ್ಲ ಮಂಜುನಾಥನೇ ಓಡಾಡಿ ಮುಗಿಸಿಕೊಟ್ಟ. ಹಣದಲ್ಲಿ ಒಂದು ಪಾಲನ್ನು ಅವರ ಖರ್ಚಿಗೆಂದು ಉಳಿಸಲೇಬೇಕು ಎಂದು ಅವನು ಹಟ ಹಿಡಿದ, ದಿವಾಕರ್ ಸರ್ ಅವನ ಕಡೆಗೇ ನಿಂತರು.

ಫೆಬ್ರವರಿಯಲ್ಲಿ ಪ್ರಶಸ್ತಿ ಪ್ರದಾನ ನಡೆಯಿತು. ಮೊದಲ ಸಲದ ಪ್ರಶಸ್ತಿ ಕರಾವಳಿಯ ಒಬ್ಬ ಹೆಣ್ಣುಮಗಳಿಗೆ. ಸಮುದ್ರದ ಉಬ್ಬರವಿಳಿತ ಅಳೆಯುವ ಒಂದು ಸಣ್ಣ ಕೇಂದ್ರದಲ್ಲಿ ಹತ್ತೊಂಬತ್ತು ವರ್ಷದಿಂದ ದಿನಾ ನೀರಿನ ಮಟ್ಟ ಬರೆಯುತ್ತಿದ್ದವಳು. ದೊಡ್ಡ ವಿಜ್ಞಾನಿಗಳ ಸಾಲಿನ ಕೊನೆಯಲ್ಲಿ, ಹೊಸ ಸೀರೆಯಲ್ಲಿ, ಕಾಲು ಎಲ್ಲಿಡಬೇಕೆಂದು ತಿಳಿಯದವಳಂತೆ ಕೂತಿದ್ದಳು. ನಂಜುಂಡಪ್ಪನವರ ಪರಿಚಯವನ್ನು ಇಂಗ್ಲಿಷಿನಲ್ಲಿ ಓದಿದರು. ನಾನು ಚಿಕ್ಕತಾಯಮ್ಮನ ಕಿವಿಯಲ್ಲಿ ಕನ್ನಡದಲ್ಲಿ ಹೇಳುತ್ತ ಹೋದೆ. "ಮೂವತ್ತನಾಲ್ಕು ವರ್ಷ, ಒಂದು ದಿನ ಬಿಟ್ಟು" ಎಂಬ ಮಾತು ಬಂದಾಗ ಅವರು ನನ್ನ ಕೈಯನ್ನು ನೋವಾಗುವಷ್ಟು ಬಿಗಿಯಾಗಿ ಹಿಡಿದರು.

ನನ್ನ ಗುತ್ತಿಗೆಯ ವರ್ಷ ಆಮೇಲೆ ಆರು ವಾರಕ್ಕೆ ಮುಗಿಯಿತು. ಅದನ್ನು ಮುಂದುವರಿಸಲಿಲ್ಲ, ನಾನೂ ಕೇಳಲಿಲ್ಲ. ಅದೇ ಬೇಸಿಗೆಯಲ್ಲಿ ಚಿಕ್ಕತಾಯಮ್ಮ ಮಂಜುನಾಥನ ಮನೆಗೆ ಹೋಗಲು ಒಪ್ಪಿದರು. ಎರಡು ವರ್ಷದ ನಂತರ ತೀರಿಕೊಂಡರು. ಆ ವರ್ಷದಲ್ಲಿ ನಾನು ಏನಾದರೂ ಉಪಯೋಗಕ್ಕೆ ಬಂದೆನೋ ಇಲ್ಲವೋ ಎಂದು ಅನುಮಾನವಾದಾಗ ನನಗೆ ನೆನಪಾಗುವುದು ಆ ಫೆಬ್ರವರಿಯ ಮಧ್ಯಾಹ್ನ, ಸಭೆ ಮುಗಿದಮೇಲೆ, ಕಾಫಿ ಕೊಡುತ್ತಿದ್ದ ಹೊತ್ತು.

ದಿವಾಕರ್ ಸರ್ ಆ ಹೆಣ್ಣುಮಗಳನ್ನು ಕರೆತಂದು ಚಿಕ್ಕತಾಯಮ್ಮನ ಮುಂದೆ ನಿಲ್ಲಿಸಿದರು. ಅವಳು ಬಗ್ಗಿ ಕಾಲು ಮುಟ್ಟಿದಳು. ಚಿಕ್ಕತಾಯಮ್ಮ ಅವಳ ಭುಜ ಹಿಡಿದು ಎಬ್ಬಿಸಿದರು. ಪದಕವನ್ನು ನೋಡಲಿಲ್ಲ, ಮುಖ ನೋಡಿದರು.

"ಮಕ್ಳೆಷ್ಟವ್ವ ನಿಂಗೆ?"

"ಇಬ್ಬರು ಅಮ್ಮ. ಸಣ್ಣವನಿಗೆ ಆರು."

"ಅವರಿಗ್ ಉಷಾರಿಲ್ದಾಗ ಮನೇಲಿರು," ಎಂದರು. "ಪುಸ್ತಕದಾಗ್ ಖಾಲಿ ಬಿಡು. ಸಮುದ್ರ ಎಲ್ಲಿಗೂ ಓಗಲ್ಲ."

ಸುತ್ತ ಕಾಫಿ ಲೋಟ ಹಿಡಿದು ನಿಂತವರೆಲ್ಲ ನಕ್ಕರು. ಅಜ್ಜಿ ತಮಾಷೆ ಮಾಡಿದರು ಎಂದುಕೊಂಡರು. ಆ ಹೆಣ್ಣುಮಗಳು ನಗಲಿಲ್ಲ. ಹತ್ತೊಂಬತ್ತು ವರ್ಷದಲ್ಲಿ ಯಾರಾದರೂ ಆ ಮಾತು ಹೇಳಲಿ ಎಂದು ಕಾದಿದ್ದವಳಂತೆ ಕೈಯಲ್ಲಿದ್ದ ಪದಕದ ಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟು, ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, ಅಲ್ಲೇ ಎಲ್ಲರ ನಡುವೆ ಅತ್ತಳು.